ಬೆಂಕಿಯ ಸುತ್ತ ಒಂದು ಐರಿಶ್ ಹಾಡು: ಬಯಲಲ್ಲಿ ಜನಪದ ಗೀತೆ ಹಾಡುವವರಿಗೆ ಸಮಗ್ರ ಮಾರ್ಗದರ್ಶಿ

ಜೂನ್ 23ರ ರಾತ್ರಿ ಐರ್ಲೆಂಡಿನ ಪಶ್ಚಿಮದ ಜಿಲ್ಲೆಗಳಲ್ಲಿ ಬೆಂಕಿ ಹಾಕುತ್ತಾರೆ. ಮೇಯೊ, ಗಾಲ್ವೇ, ರಾಸ್‌ಕಾಮನ್ ಕಡೆ ಇದು ಈಗಲೂ ನಡೆಯುವ ಪದ್ಧತಿ. ಮರುದಿನ ಸೇಂಟ್ ಜಾನ್ ಹಬ್ಬ. ಆ ಹೊತ್ತಿನಲ್ಲಿ ಅಲ್ಲಿ ಸೂರ್ಯ ಮುಳುಗುವುದೇ ಹತ್ತು ಗಂಟೆಗೆ, ಹನ್ನೊಂದಾದರೂ ಆಕಾಶದಲ್ಲಿ ಬೆಳಕು ಇರುತ್ತದೆ. ಊರಿನ ಖಾಲಿ ಜಾಗದಲ್ಲೋ ರಸ್ತೆ ಕೂಡುವಲ್ಲೋ ಜನ ಸೇರುತ್ತಾರೆ. ಮಕ್ಕಳು ಓಡಾಡುತ್ತಿರುತ್ತಾರೆ, ಯಾರೋ ಪಿಟೀಲು ತಂದಿರುತ್ತಾರೆ. ಸ್ವಲ್ಪ ಹೊತ್ತಾದ ಮೇಲೆ ಒಬ್ಬರು ನಿಮ್ಮ ಕಡೆ ತಿರುಗಿ "ನೀವೂ ಒಂದು ಹಾಡಿ" ಅನ್ನುತ್ತಾರೆ.

ಡಬ್ಲಿನ್, ಕಾರ್ಕ್, ಗಾಲ್ವೇಗಳಲ್ಲಿ ಕಂಪನಿ ಕೆಲಸಕ್ಕೋ ಆಸ್ಪತ್ರೆ ಕೆಲಸಕ್ಕೋ ಬಂದು ನೆಲೆಸಿರುವ ಕನ್ನಡಿಗರಿಗೆ ಈ ಕ್ಷಣ ಒಂದಲ್ಲ ಒಂದು ದಿನ ಬಂದೇ ಬರುತ್ತದೆ. ನಮ್ಮಲ್ಲಿ ಹಾಡಲು ಬರುವವರು ಕಮ್ಮಿ ಇಲ್ಲ. ಆದರೆ ಸಭಾಂಗಣದಲ್ಲಿ ಮೈಕು ಹಿಡಿದು ಹಾಡಿದ ಅಭ್ಯಾಸ ಇಲ್ಲಿ ಅಷ್ಟಾಗಿ ಕೆಲಸಕ್ಕೆ ಬರುವುದಿಲ್ಲ. ಬಯಲಲ್ಲಿ ಒಬ್ಬರ ದನಿ ಹತ್ತು ಮಾರು ಹೋಗುವಷ್ಟರಲ್ಲಿ ಸಣ್ಣಗಾಗುತ್ತದೆ. ಮೂವತ್ತು ಜನ ಸೇರಿ ಹೇಳುವ ಪಲ್ಲವಿ ಪಕ್ಕದ ಊರಿಗೂ ಕೇಳಿಸುತ್ತದೆ. ಹಾಡು ಆರಿಸುವಾಗ, ಕಲಿಯುವಾಗ, ನಿಲ್ಲುವ ಜಾಗ ನೋಡುವಾಗ ಈ ಒಂದು ಲೆಕ್ಕವನ್ನು ಮರೆಯಬೇಡಿ. ಕೆಳಗೆ ಹೇಳುವುದೆಲ್ಲ ಇದರ ಸುತ್ತಲೇ ಇದೆ.

1. ಯಾವ ಬಗೆಯ ಕೂಟ ಅಂತ ಮೊದಲು ತಿಳಿದುಕೊಳ್ಳಿ

ಬೀದಿಯವರ ಕೂಟ, ಬೆಂಕಿ ರಾತ್ರಿ, ಶಾಲೆಯ ಮೈದಾನದ ಕಾರ್ಯಕ್ರಮ, ಇವೆಲ್ಲ ಸಲೀಸು. ಯಾರು ಬೇಕಾದರೂ ಹಾಡಬಹುದು, ತಪ್ಪಿದರೂ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಮಾರ್ಚ್ 1ರಿಂದ 17ರವರೆಗೆ ನಡೆಯುವ ಐರಿಶ್ ಭಾಷಾ ಹಬ್ಬದಲ್ಲೂ ಇಂಥ ಸಣ್ಣ ಕೂಟಗಳು ಬೇಕಾದಷ್ಟು. ಐರಿಶ್ ಭಾಷೆಯ ಹಾಡು ಕಲಿತವರಿಗೆ ಅದು ಒಳ್ಳೆಯ ಹೊತ್ತು.

ಫ್ಲಾ ಕ್ಯೋಲ್ ಬೇರೆಯೇ ಲೋಕ. ಕೋಲ್ತಸ್ ಎಂಬ ಸಂಗೀತ ಸಂಸ್ಥೆ 1951ರಲ್ಲಿ ಮಲಿಂಗಾರ್ ಪಟ್ಟಣದಲ್ಲಿ ಶುರುಮಾಡಿದ ಹಬ್ಬ ಇದು. ಪ್ರತಿ ಆಗಸ್ಟ್‌ನಲ್ಲಿ ದೇಶದ ಮುಖ್ಯ ಫ್ಲಾ ಯಾವುದಾದರೂ ಒಂದು ಪಟ್ಟಣದಲ್ಲಿ ನಡೆಯುತ್ತದೆ. 2024 ಮತ್ತು 2025ರಲ್ಲಿ ವೆಕ್ಸ್‌ಫರ್ಡ್‌ನಲ್ಲಿ ನಡೆಯಿತು. ಒಳಗೆ ಸ್ಪರ್ಧೆಗಳು, ಹೊರಗೆ ಬೀದಿಬೀದಿಯಲ್ಲಿ ವಾದ್ಯದವರ ಗುಂಪುಗಳು. ಬೀದಿಯ ಗುಂಪಿನಲ್ಲಿ ಹಾಡಬಹುದು, ಆದರೆ ಅವರಾಗಿ ಕೇಳುವವರೆಗೆ ಕಾಯಬೇಕು. ವಾದ್ಯದವರು ಒಂದಾದ ಮೇಲೊಂದು ಮಟ್ಟು ನುಡಿಸುತ್ತಿರುವಾಗ ನಡುವೆ ನುಗ್ಗಿ ಹಾಡು ಎತ್ತುವುದು ಒರಟುತನ.

ಮೂರನೆಯದು ಸುಮ್ನೆ ಪೇಟೆ ಬೀದಿಯಲ್ಲಿ ನಿಂತು ಹಾಡುವುದು. ಅದು ಕೂಟವಲ್ಲ, ಅದಕ್ಕೆ ನಗರಸಭೆಯ ಕಾಯಿದೆ ಇರುತ್ತದೆ. ಡಬ್ಲಿನ್‌ನಲ್ಲಿ ಪರ್ಮಿಟ್ ಬೇಕು. ಇಲ್ಲಿ ಆ ವಿಷಯ ಬೇಡ.

ಯಾವ ಕೂಟವಾದರೂ ಹೊಣೆ ಹೊತ್ತವರೊಬ್ಬರು ಇರುತ್ತಾರೆ. ಗಂಡಸಾದರೆ ಫಾರ್ ಅನ್ ಟೀ, ಹೆಂಗಸಾದರೆ ಬ್ಯಾನ್ ಅನ್ ಟೀ. ಮನೆಯ ಯಜಮಾನ, ಯಜಮಾನಿ ಇದ್ದ ಹಾಗೆ. ಯಾರು ಯಾವಾಗ ಹಾಡಬೇಕು ಅಂತ ಕರೆಯುವುದು, ಗಲಾಟೆ ನಿಲ್ಲಿಸುವುದು ಅವರ ಕೆಲಸ. ಮೊದಲೇ ಹೋಗಿ ಒಂದು ಮಾತು ಹೇಳಿಡಿ: "ನನ್ನ ಹತ್ತಿರ ಒಂದು ಹಾಡಿದೆ, ಬೇಕಿದ್ದರೆ ಕರೆಯಿರಿ." ಇಷ್ಟು ಸಾಕು. ಮತ್ತೆ ಮತ್ತೆ ನೆನಪಿಸಬೇಡಿ.

2. ಹಾಡು ಆರಿಸುವುದು

ಅರ್ಧ ಕೆಲಸ ಇಲ್ಲೇ ಮುಗಿಯುತ್ತದೆ. ಇಲ್ಲಿ ಎಡವಿದರೆ ಆಮೇಲೆ ಎಷ್ಟು ಚೆನ್ನಾಗಿ ಹಾಡಿದರೂ ಪ್ರಯೋಜನವಿಲ್ಲ.

ಐರಿಶ್ ಹಾಡು ಅಂದ ಕೂಡಲೇ ಯೂಟ್ಯೂಬ್ ಮುಂದಿಡುವುದು ಕುಡಿತದ ಹಾಡುಗಳನ್ನು. "ವೈಲ್ಡ್ ರೋವರ್" ಅಂಥದ್ದು. ಪಲ್ಲವಿಯ ಮೊದಲ ಮಾತು ಮುಗಿದ ಕೂಡಲೇ ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ, ಮಜಾ ಇರುತ್ತದೆ. ಆದರೆ ಪ್ರವಾಸಿಗರ ಪಬ್ಬುಗಳಲ್ಲಿ ಅದನ್ನು ಎಷ್ಟು ಸಲ ಕೇಳಿದ್ದಾರೆಂದರೆ ಊರಿನವರಿಗೆ ಸಾಕಾಗಿರುತ್ತದೆ. ಹೊಸಬರು ಅದನ್ನೇ ಎತ್ತಿದರೆ ನಗುತ್ತಾರೆ, ದನಿಗೂಡಿಸುತ್ತಾರೆ, ಅಷ್ಟೇ.

"ಪಾರ್ಟಿಂಗ್ ಗ್ಲಾಸ್" ಬಹಳ ಚೆಂದದ ಹಾಡು. ಆದರೆ ಅದು ಬೀಳ್ಕೊಡುಗೆಯ ಹಾಡು, ಕೂಟದ ಕೊನೆಗೆ ಹಾಡುವಂಥದ್ದು. ಸಂಜೆ ಎಂಟಕ್ಕೆ ನೀವು ಅದನ್ನು ಎತ್ತಿದರೆ ಮಂಗಳಾರತಿ ಮೊದಲೇ ಆದಂತೆ. ಕೊನೆಯ ಹಾಡು ಹಾಡುವ ಹಕ್ಕು ಸಾಮಾನ್ಯವಾಗಿ ಊರಿನ ಹಿರಿಯರಿಗೋ ಕೂಟದ ಯಜಮಾನರಿಗೋ ಬಿಟ್ಟದ್ದು.

"ಓರೋ ಶೇ ದೊ ವಹಾ ವಾಲ್ಯಾ" ಎಂಬ ಹಾಡಿನ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು. ಪಲ್ಲವಿ ಸುಲಭ, ಧಾಟಿ ನಡಿಗೆಯ ಗತಿಯಲ್ಲಿದೆ, ಬೇಸಿಗೆ ಬರುತ್ತಿದೆ ಎಂಬ ಸಾಲೂ ಇದೆ. ಬಯಲಿಗೆ ಹೇಳಿ ಮಾಡಿಸಿದ ಹಾಡು. ಮದುವೆಯಾದ ಹುಡುಗಿಯನ್ನು ಗಂಡನ ಮನೆಗೆ ಕರೆತರುವ ಶಾಸ್ತ್ರಕ್ಕೂ ಈ ಹಾಡಿಗೂ ನಂಟಿದೆ. ನಮ್ಮ ಮನೆ ತುಂಬಿಸಿಕೊಳ್ಳುವ ಹಾಡುಗಳ ನೆನಪಾಗುತ್ತದೆ, ಅಲ್ವಾ? ಆಮೇಲೆ ಗಡಿಪಾರಾಗಿದ್ದ ರಾಜಕುಮಾರ ಚಾರ್ಲ್ಸ್ ಸ್ಟುವರ್ಟ್‌ನನ್ನು ಸ್ವಾಗತಿಸುವ ಹಾಡಾಯಿತು. ಅದೂ ಆದ ಮೇಲೆ ಪ್ಯಾಟ್ರಿಕ್ ಪಿಯರ್ಸ್ ಹೊಸ ಸಾಲುಗಳನ್ನು ಬರೆದರು. ಅವುಗಳಲ್ಲಿ 16ನೇ ಶತಮಾನದ ಮೇಯೊ ಕರಾವಳಿಯ ನಾಯಕಿ ಗ್ರಾನ್ಯಾ ಸಾವಿರ ಯೋಧರ ಜೊತೆ ಕಡಲು ದಾಟಿ ಬರುತ್ತಾಳೆ, ಪರಕೀಯರನ್ನು ಓಡಿಸುತ್ತಾಳೆ. ಪಿಯರ್ಸ್ 1916ರ ಈಸ್ಟರ್ ದಂಗೆಯ ಮುಂದಾಳು, ಅದೇ ವರ್ಷ ಮೇ 3ರಂದು ಅವರನ್ನು ಬ್ರಿಟಿಷರು ಗುಂಡಿಟ್ಟು ಕೊಂದರು. ಈಗ ಎಲ್ಲರೂ ಹಾಡುವುದು ಪಿಯರ್ಸ್ ಬರೆದ ಸಾಲುಗಳನ್ನೇ.

ಹಾಗಾಗಿ ಇದು ದಂಗೆಯ ಹಾಡು. ಗಾಲ್ವೇಯ ಶಾಲೆಯಲ್ಲಿ ಮಕ್ಕಳು ಹಾಡುತ್ತಾರೆ, ಯಾರಿಗೂ ಏನೂ ಅನ್ನಿಸುವುದಿಲ್ಲ. ಉತ್ತರ ಐರ್ಲೆಂಡಿನಲ್ಲಿ ಬ್ರಿಟನ್ ಪರದವರು, ಐರ್ಲೆಂಡ್ ಪರದವರು ಎಂಬ ಎರಡೂ ಸಮುದಾಯದವರು ಸೇರಿದ ಕೂಟದಲ್ಲಿ ಇದೇ ಹಾಡು ಮುಖಗಳನ್ನು ಬಿಗಿಯಾಗಿಸಬಹುದು. ಹಾಡಬೇಡಿ ಅಂತಲ್ಲ. ಎಲ್ಲಿ ಹಾಡುತ್ತಿದ್ದೀರಿ ಅಂತ ಗೊತ್ತಿರಲಿ, ಯಜಮಾನರನ್ನು ಕೇಳಿ.

ಮೊದಲ ಸಲ ಹಾಡುವವರಿಗೆ ನನ್ನ ಸಲಹೆ ಬೇರೆ. "ಬಾಜೀನ್ ಎಲಿಮಿ" ಕಲಿಯಿರಿ. ಫೆಲಿಮಿ ಎಂಬವನ ಪುಟ್ಟ ದೋಣಿ ಅಂತ ಅರ್ಥ. ಡೋನೆಗಾಲ್ ಕರಾವಳಿಯ ಹಾಡು. ಐರ್ಲೆಂಡಿನ ಶಾಲೆಗಳಲ್ಲಿ ತಲೆಮಾರುಗಳಿಂದ ಕಲಿಸುತ್ತಾ ಬಂದಿರುವುದರಿಂದ ಎಂಬತ್ತರ ಅಜ್ಜಿಗೂ ಎಂಟರ ಹುಡುಗನಿಗೂ ಪಲ್ಲವಿ ಬಾಯಿಪಾಠ. ರಾಜಕೀಯವಿಲ್ಲ, ಕುಡಿತವಿಲ್ಲ. ಮೂರೇ ಚರಣ, ಒಂದೊಂದು ಚರಣದಲ್ಲಿ ಹೊಸದಾಗಿ ಕಲಿಯಬೇಕಾದದ್ದು ಒಂದೆರಡು ಪದ ಮಾತ್ರ. ಮಕ್ಕಳ ಹಾಡು ಅಂತ ಹಗುರ ಮಾಡಬೇಡಿ. ಬೇರೆ ದೇಶದಿಂದ ಬಂದವರು ಊರಿನವರ ಒಂದನೇ ಕ್ಲಾಸಿನ ಹಾಡನ್ನು ಹಾಡಿದರೆ ದೊಡ್ಡವರೇ ಜಾಸ್ತಿ ಜೋರಾಗಿ ದನಿಗೂಡಿಸುತ್ತಾರೆ.

ಉಳಿದಂತೆ ಯಾವ ಹಾಡಾದರೂ ಸರಿ, ಮೂರು ಪರೀಕ್ಷೆ ಮಾಡಿ: ಪಲ್ಲವಿ ಇದೆಯಾ? ನಾಲ್ಕು ನಿಮಿಷದೊಳಗೆ ಮುಗಿಯುತ್ತದಾ? ನಿಮಗೆ ಅರ್ಥ ಗೊತ್ತಾ? ಒಂದಕ್ಕೆ ಇಲ್ಲ ಅಂದರೂ ಬೇರೆ ಹಾಡು ಹುಡುಕಿ.

3. ಕಿವಿಯಿಂದ ಕಲಿಯಿರಿ

ಸ್ವರಲಿಪಿ ನೋಡಿ ಕಲಿಯಬಹುದು, ಆದರೆ ಬೇಡ. ಈ ಸಂಪ್ರದಾಯ ಕಿವಿಯಿಂದ ಕಿವಿಗೆ ಬಂದದ್ದು. ಕಾಗದದ ಮೇಲಿನ ಸ್ವರಗಳಲ್ಲಿ ನಡಿಗೆ ಸಿಗುವುದಿಲ್ಲ.

ಕೇಳಲು ಜಾಗ ಬೇಕಾದಷ್ಟಿವೆ. ಡಬ್ಲಿನ್‌ನ ಮೆರಿಯನ್ ಸ್ಕ್ವೇರ್‌ನಲ್ಲಿ ಐರಿಶ್ ಸಾಂಪ್ರದಾಯಿಕ ಸಂಗೀತದ ಆರ್ಕೈವ್ ಇದೆ, 1987ರಲ್ಲಿ ಶುರುವಾದದ್ದು. ಅವರ ಜಾಲತಾಣದಲ್ಲಿ ಧ್ವನಿಮುದ್ರಣಗಳನ್ನು ದುಡ್ಡಿಲ್ಲದೆ ಕೇಳಬಹುದು. ಡಬ್ಲಿನ್‌ನಲ್ಲೇ 1979ರಿಂದ ನಡೆಯುತ್ತಿರುವ ಅನ್ ಗೋಲೀನ್ ಎಂಬ ಹಾಡುಗಾರರ ಕೂಟವಿದೆ. ಅಲ್ಲಿ ವಾದ್ಯವಿಲ್ಲ, ಬರೀ ಬಾಯಿಹಾಡು. ಒಂದು ರಾತ್ರಿ ಹೋಗಿ ಸುಮ್ನೆ ಕೂತು ಕೇಳಿದರೆ ಹತ್ತು ವಿಡಿಯೊ ನೋಡಿದ್ದಕ್ಕಿಂತ ಹೆಚ್ಚು ತಿಳಿಯುತ್ತದೆ.

ಒಂದೇ ಹಾಡನ್ನು ಇಬ್ಬರು ಮೂವರ ಬಾಯಲ್ಲಿ ಕೇಳಿ. ಬ್ಯಾಂಡಿನವರ ಧ್ವನಿಮುದ್ರಣ ಒಂದಿರಲಿ, ಆದರೆ ಅದನ್ನೇ ನಕಲು ಮಾಡಬೇಡಿ. ಅವರ ವೇಗ ವೇದಿಕೆಯ ವೇಗ. ವಾದ್ಯವಿಲ್ಲದೆ ಹಾಡಿದ ಅಜ್ಜ ಅಜ್ಜಿಯರ ಧ್ವನಿ ಸಿಕ್ಕರೆ ಅದೇ ಗುರು.

ಕರ್ನಾಟಕ ಸಂಗೀತವನ್ನೋ ಹಿಂದೂಸ್ತಾನಿಯನ್ನೋ ಕಲಿತವರಿಗೆ ಒಂದು ಕಿವಿಮಾತು. ಐರಿಶ್ ಸಂಗೀತದಲ್ಲಿ ಷಾನ್ ನೋಸ್ ಅಂತ ಒಂದು ಹಳೆಯ ಗಾಯನ ಶೈಲಿ ಇದೆ. ವಾದ್ಯವಿಲ್ಲದೆ, ಐರಿಶ್ ಭಾಷೆಯಲ್ಲಿ, ತಾಳದ ಕಟ್ಟಿಲ್ಲದೆ, ಸ್ವರಗಳನ್ನು ಬಳುಕಿಸಿ ಹಾಡುವುದು. ಕಾನಮಾರಾದ ಕಾರ್ನಾ ಊರಿನ ಜೋ ಹೀನಿ (1919–1984) ಇದರ ದೊಡ್ಡ ಹೆಸರು. ಕೇಳಿದ ಕೂಡಲೇ ನಮಗೆ ಗಮಕದ ನೆನಪಾಗುತ್ತದೆ, ಗಂಟಲು ತುಡಿಯುತ್ತದೆ. ತಡೆಯಿರಿ. ಆ ಬಳುಕು ಆ ಭಾಷೆಯ ಜೊತೆ ಬೆಳೆದದ್ದು. ಪಲ್ಲವಿಯ ಹಾಡಿನಲ್ಲಿ ಅದರ ಅಗತ್ಯವೂ ಇಲ್ಲ. ನೀವು ಒಂದು ಸ್ವರವನ್ನು ಎಳೆದು ಆಡಿಸಿದ ಕ್ಷಣವೇ ಮೂವತ್ತು ಜನರಿಗೆ ಎಲ್ಲಿ ಸೇರಬೇಕು ಅಂತ ಗೊತ್ತಾಗದೆ ಬಾಯಿ ಮುಚ್ಚುತ್ತಾರೆ. ಸಪಾಟಾಗಿ ಹಾಡಿ.

4. ಪದಗಳನ್ನು ನಾಲಿಗೆಗೆ ಕೂರಿಸುವುದು

ಐರಿಶ್ ಬರವಣಿಗೆ ನೋಡಿದರೆ ಗಾಬರಿಯಾಗುತ್ತದೆ, ಅರ್ಧ ಅಕ್ಷರಗಳಿಗೆ ಉಚ್ಚಾರಣೆಯೇ ಇಲ್ಲ ಅನ್ನಿಸುತ್ತದೆ. ಕನ್ನಡದಲ್ಲಿ ಬರೆದುಕೊಳ್ಳಿ, ಅರ್ಧ ಕಷ್ಟ ತೀರುತ್ತದೆ. ಮೊದಲ ಚರಣ ಹೀಗಿದೆ:

ಬಾಜೀನ್ ಎಲಿಮಿ ಜಿಮಿ ಗೊ ಗೋಲಾ,
ಬಾಜೀನ್ ಎಲಿಮಿ ಸ್ ಫೆಲಿಮಿ ಆನ್.

ಈ ಎರಡು ಸಾಲನ್ನು ಎರಡು ಸಲ ಹಾಡಬೇಕು. ಆಮೇಲೆ ಪಲ್ಲವಿ:

ಬಾಜೀನ್ ಬೀಜಖ್, ಬಾಜೀನ್ ಬ್ಯೋಸಖ್,
ಬಾಜೀನ್ ಬೋಯಖ್, ಬಾಜೀನ್ ಎಲಿಮಿ,
ಬಾಜೀನ್ ಜೀರಖ್, ಬಾಜೀನ್ ಜೋಂತಖ್,
ಬಾಜೀನ್ ಎಲಿಮಿ ಸ್ ಫೆಲಿಮಿ ಆನ್.

ಫೆಲಿಮಿಯ ದೋಣಿ ಗೋಲಾ ದ್ವೀಪಕ್ಕೆ ಹೋಯಿತು, ಫೆಲಿಮಿ ಅದರೊಳಗಿದ್ದ. ಪುಟಾಣಿ ದೋಣಿ, ಚುರುಕು ದೋಣಿ, ಚೆಲುವಾದ ದೋಣಿ, ನೆಟ್ಟಗೆ ಸಾಗುವ ದೋಣಿ, ಹೇಳಿದಂತೆ ಕೇಳುವ ದೋಣಿ. ಎರಡನೇ ಚರಣದಲ್ಲಿ ಗೋಲಾ ಬದಲು ತೋರಿ. ಅದು ಕರಾವಳಿಯಿಂದ ಸುಮಾರು 14 ಕಿ.ಮೀ. ದೂರ ಕಡಲಲ್ಲಿರುವ ದ್ವೀಪ, ಈಗಲೂ ಅಲ್ಲಿ ಜನರಿದ್ದಾರೆ. ಮೂರನೇ ಚರಣದಲ್ಲಿ "ಜಿಮಿ ಗೊ ತೋರಿ" ಬದಲು "ಬ್ರಿಶೂ ಇ ದೋರಿ". ದೋಣಿ ತೋರಿಯಲ್ಲಿ ಒಡೆದುಹೋಯಿತು, ಫೆಲಿಮಿ ಅದರೊಳಗಿದ್ದ. ಇಂಥ ಸಾವನ್ನು ಇಷ್ಟು ಖುಷಿಯ ಧಾಟಿಯಲ್ಲಿ ಎಳೆಯ ಮಕ್ಕಳಿಗೆ ಕಲಿಸುತ್ತಾರೆ. ಕಡಲ ತೀರದವರ ಮನಸ್ಸೇ ಹಾಗಿರಬೇಕು.

ದೋಣಿಯವನ ಹೆಸರು ಫೆಲಿಮಿ. "ಫೆಲಿಮಿಯ ದೋಣಿ" ಅನ್ನುವಾಗ ಮೊದಲಿನ ಫ ಮಾಯವಾಗಿ ಎಲಿಮಿ ಆಗುತ್ತದೆ, ಸಾಲಿನ ಕೊನೆಗೆ ಫೆಲಿಮಿಯಾಗಿ ವಾಪಸ್ ಬರುತ್ತದೆ. ಎಡವುವುದು ಇಲ್ಲೇ. ಇನ್ನೊಂದು, ಪಲ್ಲವಿಯ ಕೊನೆಯ ಖ್. ಅದು ನಮ್ಮ ಮಹಾಪ್ರಾಣದ ಖ ಅಲ್ಲ. ಉರ್ದು ಮಾತಾಡುವವರು "ಖಬರ್" ಅನ್ನುವಾಗ ಗಂಟಲಿನ ಹಿಂದಿನಿಂದ ಉಜ್ಜಿ ಬರುತ್ತದಲ್ಲ, ಅದು. ಬಾಜೀನ್‌ನ ಜ ಡೋನೆಗಾಲ್ ಕಡೆಯದು. ದಕ್ಷಿಣದವರ ಬಾಯಲ್ಲಿ ಅದು "ಬಾದ್ಯೀನ್" ಹತ್ತಿರ ಕೇಳಿಸುತ್ತದೆ. ಎರಡೂ ಸರಿ, ಬೆರೆಸಬೇಡಿ. ನಮಗೊಂದು ಅನುಕೂಲವೂ ಇದೆ. ತೋರಿಯ ತ ಹಲ್ಲಿಗೆ ನಾಲಿಗೆ ತಾಗಿಸಿ ಹೇಳುವ ನಮ್ಮ ತ ಥರವೇ. ಇಂಗ್ಲಿಷ್ ಮಾತ್ರ ಬಲ್ಲವರು ಒದ್ದಾಡುವ ಕಡೆ ನಮಗೆ ಸಲೀಸು.

ಯಾವುದಾದರೂ ಪದದ ಬಗ್ಗೆ ಅನುಮಾನ ಬಂದರೆ ಟ್ಯಾಂಗ್ಲನ್ ಎಂಬ ನಿಘಂಟು ಜಾಲತಾಣ ನೋಡಿ. ಉತ್ತರ, ಪಶ್ಚಿಮ, ದಕ್ಷಿಣ, ಮೂರೂ ಕಡೆಯವರ ಬಾಯಲ್ಲಿ ಬಹಳಷ್ಟು ಪದಗಳನ್ನು ಕೇಳಬಹುದು. ಊರೂರಿಗೆ ಸಾಲುಗಳಲ್ಲಿ ಸಣ್ಣಪುಟ್ಟ ವ್ಯತ್ಯಾಸ ಇರುತ್ತದೆ. ಕೂಟದಲ್ಲಿ ಯಾರಾದರೂ ಬೇರೆ ಥರ ಹಾಡಿದರೆ ವಾದಕ್ಕಿಳಿಯಬೇಡಿ.

ಬಾಯಿಪಾಠ ಮಾಡಲೇಬೇಕು. ಮೊಬೈಲ್ ನೋಡಿ ಹಾಡುವುದು ಬೇಡ. ಮುಖಕ್ಕೆ ಬೆಳಕು ಬಿದ್ದು ತಲೆ ಕೆಳಗಾದರೆ ದನಿ ನೆಲಕ್ಕೆ ಹೋಗುತ್ತದೆ. ಪಾತ್ರೆ ತೊಳೆಯುವಾಗ, ಬಸ್ಸಿಗೆ ಕಾಯುವಾಗ ಗುನುಗಿ. ಬೇರೆ ಕೆಲಸ ಮಾಡುತ್ತಾ ತಪ್ಪದೆ ಹಾಡಲು ಬಂತು ಅಂದರೆ ಬೆಂಕಿಯ ಮುಂದೆಯೂ ಬರುತ್ತದೆ.

5. ಶ್ರುತಿ ಮತ್ತು ಗತಿ

ಐರಿಶ್ ವಾದ್ಯದವರು ಹೆಚ್ಚಾಗಿ ಡಿ ಮತ್ತು ಜಿ ಶ್ರುತಿಗಳಲ್ಲಿ ನುಡಿಸುತ್ತಾರೆ. ನಮ್ಮ ಲೆಕ್ಕದಲ್ಲಿ ಎರಡು ಮನೆ, ಐದು ಮನೆ. ತವರದ ಕೊಳಲು ಹೆಚ್ಚಾಗಿ ಡಿ ಶ್ರುತಿಯದು. ಆದರೆ ನೀವು ಬಾಯಲ್ಲಿ ಮಾತ್ರ ಹಾಡುವುದಾದರೆ ಅವರ ಶ್ರುತಿಗೆ ಕಟ್ಟುಬೀಳಬೇಕಿಲ್ಲ.

ಮನೆಯಲ್ಲಿ ಆರಾಮಾಗಿ ಬರುವ ಶ್ರುತಿ ಬಯಲಲ್ಲಿ ತಗ್ಗು ಅನ್ನಿಸುತ್ತದೆ. ಕೋಣೆಯ ಗೋಡೆ ನಮ್ಮ ದನಿಯನ್ನು ನಮಗೇ ವಾಪಸ್ ಕೊಡುತ್ತಿರುತ್ತದೆ. ಹೊರಗೆ ಅದು ಬರುವುದಿಲ್ಲ, ದನಿ ಸಾಲದೇನೋ ಅನ್ನಿಸಿ ನಾವು ಜೋರು ಮಾಡುತ್ತೇವೆ. ಜೋರು ಮಾಡಿದಾಗ ಶ್ರುತಿಯೂ ಮೇಲಕ್ಕೆ ಜಾರುತ್ತದೆ. ಮೂರನೇ ಚರಣಕ್ಕೆ ಗಂಟಲು ಕಟ್ಟುತ್ತದೆ. ಹಾಗಾಗಿ ಅಭ್ಯಾಸವನ್ನೇ ಹೊರಗೆ ಮಾಡಿ. ಪಾರ್ಕಿಗೋ ಕಡಲ ತೀರಕ್ಕೋ ಹೋಗಿ, ಗೆಳೆಯರೊಬ್ಬರನ್ನು ಇಪ್ಪತ್ತು ಹೆಜ್ಜೆ ದೂರ ನಿಲ್ಲಿಸಿ. ಪದ ಬಿಡಿಬಿಡಿಯಾಗಿ ಕೇಳಿಸುತ್ತಿದೆಯಾ ಅಂತ ಕೇಳಿ. ಮೊಬೈಲಿನ ತಂಬೂರಿ ಆ್ಯಪ್‌ನಲ್ಲಿ ಒಂದು ಶ್ರುತಿ ಗೊತ್ತುಮಾಡಿಕೊಂಡು ಅದೇ ಸ್ವರದಿಂದ ಎತ್ತುವುದು ರೂಢಿಯಾಗಲಿ. ಐರ್ಲೆಂಡಿನ ಕೆಲವು ಗಾಯಕರು ನಮ್ಮ ಶ್ರುತಿಪೆಟ್ಟಿಗೆಯನ್ನೇ ಇಟ್ಟುಕೊಂಡು ಹಾಡುತ್ತಾರೆ, ಆದ್ದರಿಂದ ಮನೆಯಿಂದ ತಂದದ್ದು ಇದ್ದರೆ ಒಯ್ಯಲು ಸಂಕೋಚ ಬೇಡ. ಜೊತೆಗೆ ಹಾಡುವವರು ಹೆಂಗಸರು, ಗಂಡಸರು, ಮಕ್ಕಳು ಎಲ್ಲರೂ ಇರುವುದರಿಂದ ಪಲ್ಲವಿಯ ಮೇಲಿನ ಸ್ವರ ಕಿರುಚುವಷ್ಟು ಎತ್ತರ ಇರಬಾರದು.

ದೋಣಿಯ ಹಾಡು ಮೂರರ ಎಣಿಕೆಯಲ್ಲಿದೆ, ತೂಗಾಡುವ ಹಾಗೆ. ನೀವು ಅಂದುಕೊಂಡದ್ದಕ್ಕಿಂತ ಸ್ವಲ್ಪ ನಿಧಾನವಾಗಿ ಎತ್ತಿ. ಗುಂಪು ಸೇರಿದ ಮೇಲೆ ಗತಿ ತಾನಾಗಿ ಏರುತ್ತದೆ.

6. ಎಲ್ಲಿ ನಿಲ್ಲಬೇಕು

ಅಡ್ಡಿಯಿಲ್ಲದ ಬಯಲಲ್ಲಿ ದೂರ ಎರಡು ಪಟ್ಟಾದಾಗಲೆಲ್ಲ ಸದ್ದು 6 ಡೆಸಿಬೆಲ್ ಇಳಿಯುತ್ತದೆ. ಈ ಲೆಕ್ಕದಲ್ಲಿ ಕೂಗಿ ಗೆಲ್ಲಲು ಆಗುವುದಿಲ್ಲ. ಜಾಗ ನೋಡಿ ಗೆಲ್ಲಬೇಕು.

ಮೊದಲು ಗಾಳಿ. ಅದು ನಿಮ್ಮ ಬೆನ್ನಿನಿಂದ ಕೇಳುವವರ ಕಡೆ ಬೀಸುತ್ತಿರಲಿ. ಗಾಳಿ ಬೀಸುವ ದಿಕ್ಕಿನಲ್ಲಿ ಸದ್ದು ನೆಲದ ಕಡೆ ಬಾಗಿ ದೂರ ಹೋಗುತ್ತದೆ, ಎದುರು ದಿಕ್ಕಿನಲ್ಲಿ ಮೇಲಕ್ಕೆದ್ದು ತಲೆಯ ಮೇಲೆ ಹಾದುಹೋಗುತ್ತದೆ. ಆದರೆ ಬೆಂಕಿ ಇದ್ದರೆ ಎಚ್ಚರ. ನೀವು ಗಾಳಿ ಬರುವ ಕಡೆಯಲ್ಲಿ ನಿಂತರೆ ಹೊಗೆಯೆಲ್ಲ ಎದುರಿನವರ ಮುಖಕ್ಕೆ. ಅವರು ಕೆಮ್ಮುತ್ತಾ ಎದ್ದು ಹೋಗುತ್ತಾರೆ. ಆಗ ಬೆಂಕಿಯ ಪಕ್ಕಕ್ಕೆ ಸರಿದು, ಜನರನ್ನೂ ನಿಮ್ಮ ಕಡೆಗೇ ಅರ್ಧ ಸುತ್ತಾಗಿ ಕರೆದುಕೊಳ್ಳಿ.

ಬೆನ್ನ ಹಿಂದೆ ಕಲ್ಲಿನ ಗೋಡೆ ಸಿಕ್ಕರೆ ಬಿಡಬೇಡಿ. ಐರ್ಲೆಂಡಿನ ಪಶ್ಚಿಮದಲ್ಲಿ ಹೊಲಕ್ಕೊಂದು ಕಲ್ಲುಗೋಡೆ ಇದ್ದೇ ಇರುತ್ತದೆ, ಆದರೆ ಅವು ಸೊಂಟದೆತ್ತರ. ಮನೆಯ ಗೋಡೆ, ಚರ್ಚಿನ ಗೋಡೆ ವಾಸಿ. ಜನ ಹತ್ತಿರ ಬರಲಿ. ದೂರ ದೂರ ಕೂತ ಐವತ್ತು ಜನಕ್ಕಿಂತ ಒತ್ತಾಗಿ ನಿಂತ ಇಪ್ಪತ್ತು ಜನ ಮೇಲು. ಒಬ್ಬರ ದನಿ ಇನ್ನೊಬ್ಬರಿಗೆ ಕೇಳಿಸಿದರೆ ಮಾತ್ರ ಬಾಯಿ ಬಿಡಲು ಧೈರ್ಯ ಬರುತ್ತದೆ.

ಜೂನ್ ಅಂತ ತೆಳು ಅಂಗಿಯಲ್ಲಿ ಹೋಗಬೇಡಿ, ರಾತ್ರಿಗೆ ಚಳಿಯಾಗುತ್ತದೆ. ಗಾಳಿ ನಿಂತ ಸಂಜೆ ಮಿಜ್ ಎಂಬ ಸಣ್ಣ ಕಚ್ಚುವ ನೊಣಗಳು ಮುತ್ತುತ್ತವೆ. ಬಾಯಿ ತೆರೆದು ಹಾಡುವವರಿಗೆ ಅದರ ಕಷ್ಟ ಬೇರೆ ಹೇಳಬೇಕಿಲ್ಲ. ಬೆಂಕಿಯ ಹೊಗೆ ಅವನ್ನು ದೂರ ಇಡುತ್ತದೆ, ಅದೊಂದು ಉಪಕಾರ. ನೀರಿನ ಬಾಟಲಿ ಕೈಗೆ ಸಿಗುವಂತಿರಲಿ.

ಮೈಕು ಇದ್ದರೆ? ದೊಡ್ಡ ಮೈದಾನವಾದರೆ ತೆಗೆದುಕೊಳ್ಳಿ. ಸ್ಪಂಜಿನ ಟೋಪಿ ಹಾಕಿಸಿ, ಇಲ್ಲದಿದ್ದರೆ ಗಾಳಿಯ ಸದ್ದೇ ಹಾಡಿಗಿಂತ ಜಾಸ್ತಿ. ಪಲ್ಲವಿ ಬಂದಾಗ ಮೈಕನ್ನು ಬಾಯಿಂದ ದೂರ ಮಾಡಿ, ಜನರ ದನಿ ಅವರಿಗೇ ಕೇಳಿಸಲಿ. ಐವತ್ತು ಜನರ ಕೂಟಕ್ಕೆ ಮೈಕು ಬೇಡವೇ ಬೇಡ.

7. ವಾದ್ಯ ಬೇಕಾ?

ನನ್ನ ಮಟ್ಟಿಗೆ, ಬೇಡ. ಐರಿಶ್ ಕೂಟಗಳಲ್ಲಿ ವಾದ್ಯವಿಲ್ಲದೆ ಒಬ್ಬರೇ ಹಾಡುವುದು ಮಾಮೂಲು, ಯಾರೂ ಕೊರತೆ ಅಂದುಕೊಳ್ಳುವುದಿಲ್ಲ.

ಗಿಟಾರ್ ನುಡಿಸುವ ಗೆಳೆಯರಿದ್ದರೆ ಮೊದಲೇ ಜೊತೆಗೆ ಅಭ್ಯಾಸ ಮಾಡಿ. ಅಲ್ಲಿಗೆ ಹೋಗಿ ಸಿಕ್ಕವರನ್ನು ಕೂರಿಸಿಕೊಳ್ಳಬೇಡಿ. ಬೌರಾನ್ ಎಂಬ ಮೇಕೆ ಚರ್ಮದ ಚರ್ಮವಾದ್ಯ ನೋಡಿ ನಮ್ಮವರಿಗೆ ಕೈ ತುರಿಸುತ್ತದೆ, ನಮ್ಮ ತಮಟೆಯಷ್ಟೇ ಸುಲಭ ಅನ್ನಿಸುತ್ತದೆ. ಒಂದು ಗುಂಪಿನಲ್ಲಿ ಒಂದೇ ಬೌರಾನ್ ಇರಬೇಕು ಎಂಬುದು ಅಲ್ಲಿನ ಮರ್ಯಾದೆ, ಕೇಳದೆ ಬಾರಿಸಿದರೆ ವಾದ್ಯದವರ ಮುಖ ಗಂಟಾಗುತ್ತದೆ. ಬಯಲಿನ ತೇವಕ್ಕೆ ಅದರ ಚರ್ಮ ಸಡಿಲವಾಗಿ ಸದ್ದು ಮಂಕಾಗುತ್ತದೆ, ಬೆಂಕಿಯ ಹತ್ತಿರ ಇಟ್ಟರೆ ಬಿಗಿದು ಸೀಳುವ ಭಯ.

8. ಕರೆ ಬಂದಾಗ

ಯಜಮಾನರು ಹೆಸರು ಹೇಳಿದ ಮೇಲೆ ಬೇಡ ಬೇಡ ಅಂತ ನಾಚಿಕೊಳ್ಳುವುದು ನಮ್ಮ ಕಡೆಯ ಸಭ್ಯತೆ. ಅಲ್ಲೂ ಸ್ವಲ್ಪ ಇದೆ, ಆದರೆ ಒಂದೇ ಸಲ. ಎರಡನೇ ಸಲ ಕರೆದಾಗ ಎದ್ದುಬಿಡಿ.

ಗಂಟಲು ಸರಿಯಿಲ್ಲ, ಸರಿಯಾಗಿ ಕಲಿತಿಲ್ಲ ಅಂತ ಪೀಠಿಕೆ ಬೇಡ. ಎರಡೇ ಮಾತು ಸಾಕು: ಹಾಡಿನ ಹೆಸರು, ಯಾರಿಂದ ಕಲಿತಿರಿ. ಯಾರಿಂದ ಕಲಿತಿರಿ ಅನ್ನುವುದಕ್ಕೆ ಅಲ್ಲಿ ಬಹಳ ಬೆಲೆ. "ಮಗಳು ಶಾಲೆಯಿಂದ ಕಲಿತು ಬಂದಳು, ಅವಳಿಂದ ನಾನು ಕಲಿತೆ" ಅಂದರೆ ಅರ್ಧ ಕೂಟ ಆಗಲೇ ನಿಮ್ಮ ಕಡೆ.

ಸದ್ದು ಅಡಗುವವರೆಗೆ ಕಾಯಿರಿ. ನೀವೇ "ಸುಮ್ಮನಿರಿ" ಅನ್ನಬೇಡಿ, ಬೇರೆ ಯಾರಾದರೂ ಅನ್ನುತ್ತಾರೆ. ಪೂರ್ತಿ ಸದ್ದಡಗುವುದು ಬಯಲಲ್ಲಿ ಆಗದ ಮಾತು. ಹತ್ತಿರದ ಎರಡು ಸಾಲು ಸುಮ್ಮನಾದರೆ ಸಾಕು, ಶುರುಮಾಡಿ.

ಜನರಿಗೆ ಗೊತ್ತಿಲ್ಲದ ಹಾಡಾದರೆ ಮೊದಲು ಪಲ್ಲವಿಯನ್ನು ಒಂದು ಸಲ ಹೇಳಿಕೊಟ್ಟು ಆಮೇಲೆ ಚರಣಕ್ಕೆ ಹೋಗಿ. ಗೊತ್ತಿರುವ ಹಾಡಿಗೆ ಪಾಠ ಮಾಡಬೇಡಿ, ಅವರ ಹಾಡನ್ನು ಅವರಿಗೇ ಕಲಿಸಿದಂತಾಗುತ್ತದೆ. ಚರಣದ ಕೊನೆಯ ಪದ ಮುಗಿದ ಕೂಡಲೇ ಸಣ್ಣ ಉಸಿರು ತೆಗೆದುಕೊಂಡು, ತಲೆಯೆತ್ತಿ, ಪಲ್ಲವಿಯ ಮೊದಲ ಪದವನ್ನು ಮಾತ್ರ ಗಟ್ಟಿಯಾಗಿ ಹೇಳಿ. "ಬಾಜೀನ್!" ಉಳಿದದ್ದನ್ನು ಅವರು ಎತ್ತಿಕೊಳ್ಳುತ್ತಾರೆ. ಮೊದಲ ಪಲ್ಲವಿಗೆ ನಾಲ್ಕೈದು ದನಿ, ಎರಡನೆಯದಕ್ಕೆ ಅರ್ಧ ಗುಂಪು, ಮೂರನೆಯದಕ್ಕೆ ಎಲ್ಲರೂ. ಈ ಏರಿಕೆಯನ್ನು ಆತುರಪಡಿಸಬೇಡಿ. ಜನ ಎತ್ತಿಕೊಂಡ ಮೇಲೆ ನಿಮ್ಮ ದನಿಯನ್ನು ಇಳಿಸಿ. ಇದು ನಮ್ಮ ಗಾಯಕರಿಗೆ ಕಷ್ಟ, ವೇದಿಕೆಯ ಅಭ್ಯಾಸ ಬಿಡುವುದಿಲ್ಲ. ಪಲ್ಲವಿಯಲ್ಲಿ ನಿಮ್ಮ ದನಿ ನಿಮಗೇ ಕೇಳಿಸದಿದ್ದರೆ ಹಾಡು ಗೆದ್ದಿತು ಅಂತ ಲೆಕ್ಕ.

ಕಣ್ಣು ಮುಚ್ಚಿ ಹಾಡಿದರೆ ತಪ್ಪಿಲ್ಲ, ಅಲ್ಲಿನ ಹಿರಿಯ ಗಾಯಕರು ಅನೇಕರು ಹಾಗೇ ಹಾಡುತ್ತಾರೆ. ಕೈ ಆಡಿಸಿ ಅಭಿನಯ ಮಾಡುವ ರೂಢಿ ಇಲ್ಲ. ಷಾನ್ ನೋಸ್ ಕೂಟಗಳಲ್ಲಿ ಪಕ್ಕದವರು ಗಾಯಕರ ಕೈ ಹಿಡಿದು ಮೆಲ್ಲಗೆ ಸುತ್ತಿಸುತ್ತಾ ಇರುತ್ತಾರೆ. ಯಾರಾದರೂ ನಿಮ್ಮ ಕೈ ಹಿಡಿದರೆ ಗಾಬರಿಯಾಗಬೇಡಿ, ಅದು ಬೆಂಬಲ. ನಡುವೆ "ಮಾ ಹೂ" ಅಂತ ಕೂಗಿದರೆ ಅದು ಭೇಷ್ ಅಂದ ಹಾಗೆ, ನಿಲ್ಲಿಸದೆ ಮುಂದುವರಿಸಿ. ಹಳೆಯ ಗಾಯಕರು ಕೆಲವರು ಕೊನೆಯ ಸಾಲನ್ನೋ ಕೊನೆಯ ಪದಗಳನ್ನೋ ಹಾಡದೆ ಮಾತಿನಂತೆ ಹೇಳಿ ಮುಗಿಸುತ್ತಾರೆ. ದೋಣಿಯ ಹಾಡಿಗೆ ಅದು ಬೇಡ, ಪಲ್ಲವಿಯಲ್ಲೇ ಮುಗಿಯಲಿ.

9. ಏನಾದರೂ ಕೈಕೊಟ್ಟರೆ

ಸಾಲು ಮರೆತರೆ ಪಲ್ಲವಿಗೆ ಹಾರಿ. ಯಾರಿಗೂ ತಿಳಿಯುವುದಿಲ್ಲ, ತಿಳಿದವರು ಮುಂದಿನ ಸಾಲಿನ ಮೊದಲ ಪದ ಹೇಳಿಕೊಡುತ್ತಾರೆ.

ಶ್ರುತಿ ತೀರಾ ಎತ್ತರವಾಯಿತು ಅಂತ ಮೊದಲ ಸಾಲಿಗೇ ಗೊತ್ತಾದರೆ ನಿಲ್ಲಿಸಿ, ನಕ್ಕು, ಇಳಿಸಿ ಎತ್ತಿ. ಮೂರನೇ ಸಾಲಿನ ನಂತರ ನಿಲ್ಲಿಸಬೇಡಿ.

ಕುಡಿದವರೊಬ್ಬರು ಜೊತೆಗೆ ಬೇರೆ ಹಾಡು ಎತ್ತುವುದು ಅಪರೂಪವೇನಲ್ಲ. ಅವರನ್ನು ನೋಡಿಕೊಳ್ಳುವುದು ಯಜಮಾನರ ಕೆಲಸ. ಮಳೆ ಹನಿದರೆ ಹಾಡುತ್ತಲೇ ಇರಿ, ಐರ್ಲೆಂಡಿನಲ್ಲಿ ಹನಿಗೆ ಯಾರೂ ಏಳುವುದಿಲ್ಲ. ಸುರಿದರೆ ಎಲ್ಲರೂ ಓಡುತ್ತಾರೆ, ನೀವೂ ಓಡಿ. ವಿಡಿಯೊ ಮಾಡಲು ಮನೆಯವರನ್ನು ನಿಲ್ಲಿಸಿದ್ದರೆ ಪಕ್ಕದವರನ್ನು ಒಂದು ಮಾತು ಕೇಳಿ, ಬೇರೆಯವರ ಮಕ್ಕಳು ಚಿತ್ರದಲ್ಲಿ ಬರುತ್ತಾರೆ.

10. ಮುಗಿದ ಮೇಲೆ

ಹಾಡಿದವರಿಗೆ ಒಂದು ಹಕ್ಕು ಸಿಗುತ್ತದೆ, ನೋಬಲ್ ಕಾಲ್ ಅನ್ನುತ್ತಾರೆ. ಮುಂದೆ ಯಾರು ಹಾಡಬೇಕು ಅಂತ ಹೆಸರಿಸುವುದು ನಿಮ್ಮ ಪಾಲಿಗೆ ಬರುತ್ತದೆ. ತಯಾರಾಗಿರಿ. ಪಲ್ಲವಿಗೆ ಚೆನ್ನಾಗಿ ದನಿಗೂಡಿಸಿದವರೊಬ್ಬರನ್ನು ಗುರುತಿಟ್ಟುಕೊಂಡಿದ್ದು ಅವರನ್ನೇ ಕರೆಯಿರಿ. ತಲೆ ತಗ್ಗಿಸಿ ಕೂತವರನ್ನು ಎಳೆಯಬೇಡಿ. ಅವರು ಹಾಡುವಾಗ ಮಾತಾಡದೆ ಕೇಳಿ, ಪಲ್ಲವಿ ಬಂದಾಗ ಬಂದಷ್ಟು ಹೇಳಿ.

ಸುತ್ತು ಒಂದು ಸಲ ಬಂದ ಮೇಲೆ ನಿಮ್ಮನ್ನು ಮತ್ತೆ ಕೇಳುತ್ತಾರೆ: "ಈಗ ನಿಮ್ಮ ಊರಿನದೊಂದು." ಇದಕ್ಕೆ ಮನೆಯಲ್ಲೇ ಒಂದು ಕನ್ನಡ ಹಾಡು ಸಿದ್ಧ ಮಾಡಿಕೊಂಡು ಹೋಗಿ. ಭಾವಗೀತೆ ಬೇಡ, ಕೀರ್ತನೆ ಬೇಡ, ಕೋಲಾಟದ ಪದ ಒಳ್ಳೆಯದು. "ಕೋಲು ಕೋಲೆನ್ನ ಕೋಲೆ" ಎಂಬ ಸೊಲ್ಲನ್ನು ಎರಡು ಸಲ ಹೇಳಿಕೊಟ್ಟರೆ ಅವರು ಹಿಡಿದುಕೊಳ್ಳುತ್ತಾರೆ. ಕೋಲು ಸಿಗದಿದ್ದರೆ ಚಪ್ಪಾಳೆ ಸಾಕು. ಮೂರು ನಾಲ್ಕು ನುಡಿಗಿಂತ ಹೆಚ್ಚು ಹಾಡಬೇಡಿ, ನಿಮ್ಮ ಹಿಂದೆ ಇನ್ನೂ ಹಾಡುವವರು ಕಾಯುತ್ತಿರುತ್ತಾರೆ.